ನಮ್ಮ ಎಂಪಿ ಯಾವ ಮಸೂದೆಗೆ ಏನು ಓಟು ಹಾಕಿದ್ರು ಅಂತ ನೋಡೋದು ಎಲ್ಲಿ?

ತಾಳಗುಪ್ಪ ಪ್ಯಾಸೆಂಜರ್ (ಪ್ರಶ್ನೆ):

ಸಾಗರ ತಾಲ್ಲೂಕಿನವಳು, ಹಿನ್ನೀರಿನ ಕಡೆ ಮನೆ. ಮೊದಲೇ ಹೇಳ್ತೀನಿ, ಪಕ್ಷದ ಜಗಳ ಬೇಡ. ವಿಷಯ ಗೊತ್ತಿದ್ದವರು ಮಾತ್ರ ಬರೀರಿ.

ನಮ್ಮ ದೊಡ್ಡಪ್ಪನ ಮಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾನೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅವನ ಏರಿಯಾದ ಎಂಪಿ ಹೆಸರು ಹಾಕಿ ತೋರಿಸಿದ. ಯಾವ ತಾರೀಕು, ಯಾವ ಮಸೂದೆ, ಪರವೋ ವಿರೋಧವೋ, ಪಕ್ಷದ ಮಾತು ಮೀರಿದ್ದು ಯಾವಾಗ, ಎಲ್ಲಾ ಒಂದೇ ಪುಟದಲ್ಲಿ ಇದೆ. ಆ ಮನುಷ್ಯ ಮಂತ್ರಿಯೂ ಅಲ್ಲ, ಹಿಂದಿನ ಬೆಂಚಿನ ಸಾದಾ ಸದಸ್ಯ.

ಅದೇ ಉಮೇದಿನಲ್ಲಿ ನಮ್ಮವರದ್ದು ಹುಡುಕಿದರೆ ಹಾಜರಾತಿ ಇಷ್ಟು, ಚರ್ಚೆ ಇಷ್ಟು, ಪ್ರಶ್ನೆ ಇಷ್ಟು ಅಂತ ಬಂತು. ಓಟಿನ ಕಾಲಂ ಇಲ್ಲವೇ ಇಲ್ಲ! ನನಗೆ ಬೇಕಿದ್ದದ್ದು ಒಂದೇ ಒಂದು, 2023ರ ಅರಣ್ಯ ಸಂರಕ್ಷಣಾ ತಿದ್ದುಪಡಿ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಗದ್ದೆ ಮುಳುಗಿದಾಗ ಅಜ್ಜನಿಗೆ ತೋರಿಸಿಕೊಟ್ಟ ಜಾಗ ಕಾಗದದಲ್ಲಿ ಇವತ್ತಿಗೂ ಅರಣ್ಯ. ಮನೆ ಕಟ್ಟಿ, ತೋಟ ಮಾಡಿ, ಮೊಮ್ಮಕ್ಕಳು ಓದು ಮುಗಿಸಿದರೂ ಹಕ್ಕುಪತ್ರ ಇಲ್ಲ. ಅರಣ್ಯ ಕಾನೂನು ತಿದ್ದುವ ದಿನ ಶಿವಮೊಗ್ಗ, ಉಡುಪಿ-ಚಿಕ್ಕಮಗಳೂರು, ಉತ್ತರ ಕನ್ನಡ, ಈ ಮೂರು ಕ್ಷೇತ್ರದವರು ಏನಂದ್ರು ಅಂತ ತಿಳ್ಕೊಳ್ಳೋ ಹಕ್ಕು ನಮಗಿಲ್ವಾ?

ಇನ್ನೊಂದು ಅನುಮಾನ. ಸಿಗಂದೂರು ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆ ಆಯ್ತು. ಅದು ತಮ್ಮಿಂದಲೇ ಆಗಿದ್ದು ಅಂತ ಹೇಳದವರು ನಮ್ಮ ತಾಲ್ಲೂಕಿನಲ್ಲಿ ಮೊದಲು ಜನರನ್ನು ಹಿನ್ನೀರು ದಾಟಿಸ್ತಿದ್ದ ಲಾಂಚ್ ಒಂದೇ ಇರಬೇಕು. ಎಂಪಿ ಒಬ್ಬರು ಊರಿಗಾಗಿ ನಿಜಕ್ಕೂ ಬಡಿದಾಡಿದ್ದಾರೋ ಇಲ್ವೋ ಅಂತ ಅಳೆಯೋದು ಹೇಗೆ?

ಬಿ.ಎಚ್. ರೋಡಿನವ:

ಓಟು ನೋಡೋದಾ? ಫ್ಲೆಕ್ಸ್ ನೋಡಿ ಸಾಕು. 2023ರ ಮಾರ್ಚ್‌ನಲ್ಲಿ 45 ಲಕ್ಷ ಕೋಟಿಯ ಕೇಂದ್ರ ಬಜೆಟ್ಟನ್ನೇ ಚರ್ಚೆ ಇಲ್ಲದೆ ಗಲಾಟೆ ಮಧ್ಯೆ ಪಾಸು ಮಾಡಿದ್ರು. ಅದರಲ್ಲಿ ನಿಮ್ಮ ಅಜ್ಜನ ಜಾಗ ಯಾರಿಗೆ ಕಾಣ್ತದೆ.

ಹಳೇ ಟೈಪಿಸ್ಟ್:

ತೀರ್ಥಹಳ್ಳಿ ಕಡೆಯವನು. ಕೆಲವು ವರ್ಷ ದೆಹಲಿಯಲ್ಲಿ ಸಂಸದರೊಬ್ಬರ ಆಫೀಸಿನಲ್ಲಿ ಟೈಪಿಂಗು, ಕಡತ ನೋಡ್ಕೊಂಡಿದ್ದೆ. ಯಾರು, ಯಾವ ಪಕ್ಷ ಅಂತ ಕೇಳಬೇಡಿ, ಹೇಳೋದಿಲ್ಲ. ನಮ್ಮ ಜಿಲ್ಲೆಯವರಲ್ಲ, ಆದರೆ ಅಡಿಕೆ ಸೀಮೆಯವರೇ. ಮಂತ್ರಿ ಆದವರಲ್ಲ. ಆಗೋ ಆಸೆ ಇದ್ದಂತೆಯೂ ಕಾಣಲಿಲ್ಲ.

ತಂಗೀ, ನೀವು ಹುಡುಕ್ತಿರೋ ಓಟನ್ನು ಯಾರೂ ಬಚ್ಚಿಟ್ಟಿಲ್ಲ. ಅದನ್ನು ಬರೆದುಕೊಂಡೇ ಇಲ್ಲ. ಆ ತಿದ್ದುಪಡಿ ಲೋಕಸಭೆಯಲ್ಲಿ ಪಾಸಾದದ್ದು 2023ರ ಜುಲೈ 26ಕ್ಕೆ. ಮಣಿಪುರದ ವಿಷಯಕ್ಕೆ ವಿರೋಧ ಪಕ್ಷದವರು ಘೋಷಣೆ ಕೂಗ್ತಾ ಇದ್ದ ದಿನಗಳು. ಸಣ್ಣ ಚರ್ಚೆ, ಆಮೇಲೆ ಧ್ವನಿಮತ. ಧ್ವನಿಮತ ಅಂದ್ರೆ ಪೀಠದಲ್ಲಿರೋರು ಪರ ಇರೋರು ಹೇಳಿ ಅಂತಾರೆ, ಒಂದಷ್ಟು ಗಂಟಲು ಕೇಳ್ತದೆ. ವಿರೋಧ ಇರೋರು ಹೇಳಿ ಅಂತಾರೆ, ಇನ್ನೊಂದಷ್ಟು. ಯಾವುದು ಜೋರು ಅನ್ನಿಸ್ತೋ ಅದು ಗೆದ್ದಿತು. 543 ಜನರಲ್ಲಿ ಯಾರ ಹೆಸರಿನ ಮುಂದೆಯೂ ಗುರುತು ಬೀಳೋದಿಲ್ಲ. ಆ ದಿನ ಸದನದಲ್ಲಿದ್ದು ಬಾಯಿ ಬಿಡದೇ ಕೂತವರು, ಕ್ಯಾಂಟೀನಿನಲ್ಲಿ ಟೀ ಕುಡೀತಿದ್ದವರು, ಎಲ್ಲರೂ ದಾಖಲೆಯಲ್ಲಿ ಒಂದೇ. ನಮ್ಮಲ್ಲಿ ಬಹುಪಾಲು ಮಸೂದೆ ಹೀಗೇ ಪಾಸಾಗೋದು. ಮೂರು ಕೃಷಿ ಕಾಯ್ದೆ 2020ರಲ್ಲಿ ಬಂದದ್ದೂ ಧ್ವನಿಮತದಲ್ಲಿ, 2021ರ ನವೆಂಬರ್‌ನಲ್ಲಿ ಹೋದದ್ದೂ ಧ್ವನಿಮತದಲ್ಲಿ.

ಹೆಸರು ಬೀಳೋದು ಡಿವಿಷನ್ ಆದಾಗ. ಪೀಠದ ತೀರ್ಮಾನ ಒಪ್ಪೋದಿಲ್ಲ ಅಂತ ಸದಸ್ಯರು ಪಟ್ಟು ಹಿಡಿದರೆ ಗಂಟೆ ಹೊಡೀತಾರೆ. ಮೂರೂವರೆ ನಿಮಿಷ. ಕಾರಿಡಾರಿನಲ್ಲಿದ್ದವರೆಲ್ಲ ಪಂಚೆ ಎತ್ತಿಕೊಂಡು ಓಡಿ ಬರ್ತಾರೆ, ಬಾಗಿಲು ಹಾಕ್ತಾರೆ, ಆಮೇಲೆ ಗುಂಡಿ ಒತ್ತೋದು. ಸಂವಿಧಾನ ತಿದ್ದುಪಡಿಗೆ ಈ ಲೆಕ್ಕ ಕಡ್ಡಾಯ, ಯಾಕಂದ್ರೆ ಮೂರನೇ ಎರಡರಷ್ಟು ಬಂತು ಅಂತ ತೋರಿಸ್ಬೇಕಲ್ಲ. ಮಹಿಳಾ ಮೀಸಲಾತಿಗೆ 2023ರ ಸೆಪ್ಟೆಂಬರ್ 20ರಂದು 454 ಪರ, 2 ವಿರೋಧ. ಹೊಸ ಕಟ್ಟಡದಲ್ಲಿ ಯಂತ್ರ ಇನ್ನೂ ತಯಾರಿರಲಿಲ್ಲ, ಚೀಟಿಯಲ್ಲೇ ಮತ ಹಾಕಿದ್ರು. ವಕ್ಫ್ ತಿದ್ದುಪಡಿ 2025ರ ಏಪ್ರಿಲ್‌ನಲ್ಲಿ 288-232. ಇಂಥವಕ್ಕೆ ಆ ದಿನದ ಕಲಾಪದ ವರದಿ ತೆಗೆದರೆ ಪರ-ವಿರೋಧದ ಹೆಸರಿನ ಪಟ್ಟಿ ಸಿಗ್ತದೆ. ಸಂಸತ್ತಿನ ವೆಬ್‌ಸೈಟ್‌ನಲ್ಲೇ ಇದೆ, ಯಾರು ಬೇಕಾದ್ರೂ ನೋಡಬಹುದು.

ಆದರೆ ನೋಡಿ ಏನು ಮಾಡ್ತೀರಿ? ಪಕ್ಷದ ಪಟ್ಟಿಯೇ ಓಟಿನ ಪಟ್ಟಿ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ, ಪಕ್ಷ ವಿಪ್ (ಹೀಗೇ ಓಟು ಹಾಕಬೇಕು ಅನ್ನೋ ಆದೇಶ) ಕೊಟ್ಟ ವಿಷಯದಲ್ಲಿ ಉಲ್ಟಾ ಓಟು ಹಾಕಿದ್ರೆ ಅಥವಾ ಓಟಿಗೆ ಗೈರಾದ್ರೆ ಸದಸ್ಯತ್ವಕ್ಕೇ ಕುತ್ತು. ಪಕ್ಷ ಹದಿನೈದು ದಿನದಲ್ಲಿ ಕ್ಷಮಿಸಿದ್ರೆ ಮಾತ್ರ ಬಚಾವ್. ನಿಮ್ಮ ಅಣ್ಣನ ಲೀಡ್ಸ್‌ನಲ್ಲಿ ಹಾಗಲ್ಲ. ಅಲ್ಲಿ ಎರಡೇ ಮಕ್ಕಳಿಗೆ ಭತ್ಯೆ ಅನ್ನೋ ಮಿತಿ ತೆಗೀರಿ ಅಂತ 2024ರ ಜುಲೈನಲ್ಲಿ ಏಳು ಜನ ಲೇಬರ್ ಸದಸ್ಯರು ಸ್ವಂತ ಸರ್ಕಾರದ ವಿರುದ್ಧವೇ ಓಟು ಹಾಕಿದ್ರು. ಅವರನ್ನು ಕಡೇಪಕ್ಷ ಆರು ತಿಂಗಳು ಪಕ್ಷದ ಗುಂಪಿನಿಂದ ಹೊರಗಿಟ್ರು, ಅಷ್ಟೇ. ಎಂಪಿಗಿರಿ ಹೋಗಲಿಲ್ಲ. ಹಾಗಾಗಿ ಅಲ್ಲಿ ಓಟಿನ ದಾಖಲೆ ಓದಿದ್ರೆ ಮನುಷ್ಯ ಕಾಣ್ತಾನೆ. ಇಲ್ಲಿ ಓದಿದ್ರೆ ವಿಪ್ ಬರೆದವನು ಕಾಣ್ತಾನೆ.

ನಮ್ಮ ಸಾಹೇಬರ ಟೇಬಲ್ ಮೇಲೆ ವಿಪ್ ಬರ್ತಿತ್ತು. ಒಂದು ಹಾಳೆ, ಕೆಳಗೆ ಮೂರು ಗೆರೆ. ಮೂರು ಗೆರೆ ಅಂದ್ರೆ ಮದುವೆ ಇದ್ರೂ ಬಾ, ತಿಥಿ ಇದ್ರೂ ಬಾ. ಅವರು ಅದನ್ನು ಓದ್ತಿರಲಿಲ್ಲ, ಗೆರೆ ಎಣಿಸಿ ಪಕ್ಕಕ್ಕಿಡ್ತಿದ್ರು.

ಹಾಗಾದ್ರೆ ಮನುಷ್ಯ ಎಲ್ಲಿ ಕಾಣ್ತಾನೆ? ಅವನು ಕೇಳಿದ ಪ್ರಶ್ನೆಯಲ್ಲಿ. ಪ್ರಶ್ನೆಗೆ ವಿಪ್ ಇಲ್ಲ. ಆಡಳಿತ ಪಕ್ಷದ ಹಿಂದಿನ ಬೆಂಚಿನವನೂ ತನ್ನದೇ ಸರ್ಕಾರಕ್ಕೆ ಕೇಳಬಹುದು. ದಿನಕ್ಕೆ ಐದು ನೋಟೀಸು ಕೊಡಬಹುದು, ಹದಿನೈದು ದಿನ ಮುಂಚೆ. ದಿನಕ್ಕೆ 20 ಚುಕ್ಕೆ ಪ್ರಶ್ನೆ ಲಾಟರಿಯಲ್ಲಿ ಎತ್ತುತ್ತಾರೆ, ಅವಕ್ಕೆ ಮಂತ್ರಿ ಎದ್ದು ನಿಂತು ಉತ್ತರ ಹೇಳ್ಬೇಕು. ಚುಕ್ಕೆ ಇಲ್ಲದವು 230, ಲಿಖಿತ ಉತ್ತರ. ಟೀವಿಯವರಿಗೆ ಚುಕ್ಕೆದ್ದೇ ಬೇಕು. ನನ್ನ ಮಟ್ಟಿಗೆ ಚುಕ್ಕೆ ಇಲ್ಲದ್ದೇ ಮೇಲು. ಅಂಕಿ-ಅಂಶ ಬರೋದು ಅಲ್ಲಿ.

ಒಂದು ಉದಾಹರಣೆ ಹೇಳ್ತೀನಿ. ಸಾಹೇಬರು ಊರಿಂದ ಬಂದ ರಾತ್ರಿಯೇ ಸಿಟ್ಟಲ್ಲಿ ಹೇಳಿ ಬರೆಸಿದ್ರು: "ಕಳ್ಳದಾರಿಯಲ್ಲಿ ಬರ್ಮಾ ಅಡಿಕೆ ಬಂದು ರೈತರ ಹೊಟ್ಟೆ ಮೇಲೆ ಹೊಡೀತಿರೋದು ಸರ್ಕಾರದ ಕಣ್ಣಿಗೆ ಕಾಣುತ್ತಿಲ್ಲವೇ?" ಹಾಗೇ ಟೈಪ್ ಮಾಡಿ ಕೊಟ್ಟಿದ್ರೆ ಮಾರನೇ ದಿನ ವಾಪಸ್ ಬರ್ತಿತ್ತು. ನಿಯಮ 41ರ ಪ್ರಕಾರ ಪ್ರಶ್ನೆಯಲ್ಲಿ ವಾದ ಇರಬಾರದು, ವ್ಯಂಗ್ಯ ಇರಬಾರದು, ಆರೋಪ ಇರಬಾರದು, 150 ಪದ ಮೀರಬಾರದು. ಕೂತು ತಿದ್ದಿದ್ವಿ. (ಅ) ಕಳೆದ ಮೂರು ವರ್ಷದಲ್ಲಿ ಯಾವ ಯಾವ ದೇಶದಿಂದ ಎಷ್ಟು ಟನ್ ಅಡಿಕೆ ಆಮದಾಗಿದೆ. (ಆ) ಅಕ್ರಮ ಸಾಗಣೆಯಲ್ಲಿ ಕಸ್ಟಮ್ಸ್ ಹಿಡಿದದ್ದು ಎಷ್ಟು, ಅದರ ಬೆಲೆ ಎಷ್ಟು. (ಇ) ಕನಿಷ್ಠ ಆಮದು ಬೆಲೆ ಪರಿಷ್ಕರಿಸುವ ಪ್ರಸ್ತಾವ ಇದೆಯೇ. (ಈ) ಇದ್ದಲ್ಲಿ ವಿವರ, ಇಲ್ಲದಿದ್ದಲ್ಲಿ ಕಾರಣ. ಸಿಟ್ಟೆಲ್ಲ ಸೋರಿ ಹೋಗಿ ಒಣ ಕಾಗದ ಆಯ್ತು ಅಂತ ಅವರಿಗೆ ಬೇಜಾರು. ಆದರೆ ಬಂದ ಉತ್ತರದಲ್ಲಿ ದೇಶವಾರು ಟನ್ ಇತ್ತು, ಮಂತ್ರಿಯ ಹೆಸರಿತ್ತು. ಅದನ್ನು ಹಿಡ್ಕೊಂಡು ಬೆಳೆಗಾರರ ಸಂಘದವರು ಹೋದಲ್ಲೆಲ್ಲ ಮಾತಾಡಿದ್ರು. ಭಾಷಣ ಹಿಡ್ಕೊಂಡು ಹೋಗೋಕಾಗ್ತದಾ?

ಇನ್ನೊಂದು ಮಾತು. "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು" ಅಂತ ಉತ್ತರ ಬಂದ್ರೆ ಕೈ ಚೆಲ್ಲಬೇಡಿ. ಅದು ಭರವಸೆ ಅಂತ ದಾಖಲಾಗ್ತದೆ. ಮೂರು ತಿಂಗಳಲ್ಲಿ ಈಡೇರಿಸ್ಬೇಕು. ಅದನ್ನು ಬೆನ್ನು ಹತ್ತೋಕೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಒಳ್ಳೇ ಎಂಪಿ ಅದನ್ನು ಬಿಡೋದಿಲ್ಲ. ಪ್ರಶ್ನೆಯ ಸಂಖ್ಯೆ ಏರಿಸೋ ಎಂಪಿಗೆ ಅದು ನೆನಪೂ ಇರೋದಿಲ್ಲ. ನೂರು ಪ್ರಶ್ನೆಯಲ್ಲಿ ಎಂಬತ್ತು ಬೇರೆಯವರ ಜೊತೆ ಹೆಸರು ಸೇರಿಸಿದ್ದು, ಊರಿಗೆ ಸಂಬಂಧವೇ ಇಲ್ಲದ್ದು ಇರ್ತದೆ. ಎಣಿಸಬೇಡಿ, ಓದಿ. ಹಾಜರಾತಿಯೂ ಅಷ್ಟೇ. ನಾನಿದ್ದಾಗ ಪುಸ್ತಕಕ್ಕೆ ಸಹಿ ಹಾಕಿ ಹೊರಗೆ ಹೋದ್ರೂ ಹಾಜರಿ ಆಗ್ತಿತ್ತು. ಮಂತ್ರಿಗಳು ಸಹಿ ಹಾಕೋದೇ ಇಲ್ಲ, ಅವರ ಹಾಜರಾತಿ ಕಾಣಲಿಲ್ಲ ಅಂತ ಬೈಯೋದೂ ತಪ್ಪು.

ಮಂಡಿ ಗುಮಾಸ್ತ:

ಟೈಪಿಸ್ಟ್ ಅಣ್ಣ, ಚೆನ್ನಾಗಿ ಬರೆದಿದ್ದೀರಿ. ಆದರೆ ಸ್ವಲ್ಪ ನಿಮ್ಮ ಟೈಪ್‌ರೈಟರನ್ನೇ ಹೊಗಳಿಕೊಂಡ ಹಾಗಾಯ್ತು. ನಾನು ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕಿನ ರೇಟು ಬೋರ್ಡಿಗೆ ಬರೆಯೋನು. ಅಡಿಕೆಯ ಕನಿಷ್ಠ ಆಮದು ಬೆಲೆ ಕೆ.ಜಿ.ಗೆ 251 ಇದ್ದದ್ದು 2023ರ ಫೆಬ್ರವರಿಯಲ್ಲಿ 351 ಆಯ್ತಲ್ಲ, ಅದು ಯಾರ ಪ್ರಶ್ನೆಯಿಂದ ಆಯ್ತು? ನಿಯೋಗ ಹೋಯ್ತು, ಸಹಕಾರ ಸಂಘದವರು ಹೋದ್ರು, ಎಲ್ಲಾ ಪಕ್ಷದವರು ಮಂತ್ರಿ ಮನೆ ಬಾಗಿಲು ತಟ್ಟಿದ್ರು. ವಿಧಾನಸಭೆ ಚುನಾವಣೆಯೂ ಹತ್ತಿರ ಇತ್ತು, ಅದನ್ನು ಮರೀಬೇಡಿ. ಅದಕ್ಕೂ ನಾಲ್ಕೈದು ತಿಂಗಳ ಹಿಂದೆ ಭೂತಾನಿನಿಂದ 17 ಸಾವಿರ ಟನ್ ಹಸಿ ಅಡಿಕೆ ಆ ಕನಿಷ್ಠ ಬೆಲೆ ಇಲ್ಲದೇ ಬರಲಿ ಅಂತ ಬಿಟ್ಟದ್ದೂ ಇದೇ ದೆಹಲಿ. ಆಗ ಯಾರ ಓಟು ಕೇಳಿದ್ರು? ಅದೊಂದು ಅಧಿಸೂಚನೆ ಅಷ್ಟೇ, ಸದನಕ್ಕೇ ಬರೋದಿಲ್ಲ.

ನಾನು ಎಂಪಿಯನ್ನು ಅಳೆಯೋದು ಬಾಗಿಲು ತಟ್ಟೋದ್ರಲ್ಲಿ. ಎಲೆಚುಕ್ಕಿ ರೋಗ ಬಂದು ತೋಟ ಸುಟ್ಟ ಹಾಗೆ ಆದಾಗ ವಿಜ್ಞಾನಿಗಳನ್ನು ಊರಿಗೆ ಕರ್ಕೊಂಡು ಬಂದನಾ, ಔಷಧಿಗೆ ದುಡ್ಡು ತಂದನಾ? ಭದ್ರಾವತಿಯ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಮುಚ್ಚುತ್ತೇವೆ ಅಂತ 2023ರ ಜನವರಿಯಲ್ಲಿ ಹೇಳಿದಾಗ ಕಾರ್ಮಿಕರ ಜೊತೆ ನಿಂತು, ಅದೇ ಉಕ್ಕು ಮಂತ್ರಿ ಹತ್ತಿರ ಹೋದನಾ? ಇದೆಲ್ಲ ನಿಮ್ಮ 150 ಪದದಲ್ಲಿ ಹಿಡಿಯೋದಿಲ್ಲ.

ಹಳೇ ಟೈಪಿಸ್ಟ್:

ಗುಮಾಸ್ತರೇ, ಬಾಗಿಲು ತಟ್ಟೋದು ಬೇಡ ಅಂತ ನಾನೆಲ್ಲಿ ಹೇಳಿದೆ. ತಟ್ಟಿದವರು ಯಾರು ಅಂತ ಆಮೇಲೆ ಹತ್ತು ಜನ ಬರ್ತಾರಲ್ಲ, ಈ ತಂಗಿಯ ತಕರಾರು ಅದು. ಮಂತ್ರಿ ಮನೆ ಸೋಫಾದಲ್ಲಿ ಕೂತು ಮನವಿ ಕೊಟ್ಟ ಫೋಟೋಗೆ ತಾರೀಕು ಇರ್ತದೆ, ಉತ್ತರ ಇರೋದಿಲ್ಲ. ಪ್ರಶ್ನೆಗೆ ಎರಡೂ ಇರ್ತದೆ. ನಿಯಮ 377ರಲ್ಲಿ ಊರಿನ ವಿಷಯ ಎತ್ತಿದ್ರೆ, 250 ಪದದೊಳಗೆ, ಅದಕ್ಕೂ ಆ ಇಲಾಖೆ ಕಾಗದದಲ್ಲಿ ಉತ್ತರ ಕೊಡ್ತದೆ.

ಸೇತುವೆ ವಿಷಯಕ್ಕೆ ಬಂದ್ರೆ ಲೆಕ್ಕ ಮಾಡಿ. ಎಂಪಿ ನಿಧಿ ವರ್ಷಕ್ಕೆ 5 ಕೋಟಿ. ಶಿವಮೊಗ್ಗ ಲೋಕಸಭೆಗೆ ಬೈಂದೂರು ಸೇರಿ ಎಂಟು ವಿಧಾನಸಭಾ ಕ್ಷೇತ್ರ. ಹಂಚಿದ್ರೆ ಒಂದಕ್ಕೆ 62 ಲಕ್ಷ ಚಿಲ್ಲರೆ. ಸಿಗಂದೂರಿನದು ನಾನೂರು ಕೋಟಿ ದಾಟಿದ ಕೇಬಲ್ ಸೇತುವೆ, ಕೇಂದ್ರದ ಹೆದ್ದಾರಿ ಇಲಾಖೆಯ ದುಡ್ಡು. ಎಂಪಿ "ನಾನೇ ತಂದದ್ದು" ಅಂದ್ರೆ ಸ್ವಂತ ನಿಧಿಯಿಂದ ತಂದದ್ದಲ್ಲ, ಒತ್ತಡ ತಂದದ್ದು. ಆ ಒತ್ತಡ ನಿಜವೋ ಅಂತ ನೋಡ್ಬೇಕಾದ್ರೆ 2018ರಲ್ಲಿ ಶಂಕುಸ್ಥಾಪನೆ ಆಗೋಕೆ ಮುಂಚೆ ಯಾರು ಯಾವ ಪ್ರಶ್ನೆ ಕೇಳಿದ್ರು, ಆಮೇಲೆ ಕೆಲಸ ಎಳೀತಾ ಇದ್ದಾಗ ಯಾರು ಕೇಳಿದ್ರು ಅಂತ ಹುಡುಕಿ. ಮುಳುಗಡೆ ಆಗಿ ಅರವತ್ತು ವರ್ಷ ಲಾಂಚಿಗೆ ಕಾದವರು ಹಿನ್ನೀರಿನಾಚೆಯ ತುಮರಿ ಕಡೆಯವರು. ಅಷ್ಟು ವರ್ಷದಲ್ಲಿ ಬಂದುಹೋದ ಎಲ್ಲಾ ಎಂಪಿಗಳ ಹೆಸರೂ ಹಾಕಿ ನೋಡಿ, ಒಬ್ಬರದ್ದೇ ಯಾಕೆ?

ಸೊರಬದ ಮೇಷ್ಟ್ರು:

ನಿವೃತ್ತ. ನಡುವೆ ಬಾಯಿ ಹಾಕ್ತೀನಿ. ಶಿವಮೊಗ್ಗದ ಹಿಂದಿನ ಬೆಂಚಿನ ಎಂಪಿ ಅಂದ್ರೆ ನನಗೆ ನೆನಪಾಗೋದು ಜೆ.ಎಚ್. ಪಟೇಲರು. 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಗೆದ್ದು ಹೋದವರು ಲೋಕಸಭೆಯಲ್ಲಿ ಎದ್ದು ಕನ್ನಡದಲ್ಲಿ ಮಾತಾಡಿದ್ರು. ಅಲ್ಲಿವರೆಗೆ ಆ ಸದನದಲ್ಲಿ ಯಾರೂ ಕನ್ನಡದಲ್ಲಿ ಮಾತಾಡಿರಲಿಲ್ಲ. ಯಾವ ಓಟಿನಲ್ಲೂ ಗೆಲ್ಲುವಷ್ಟು ಸಂಖ್ಯೆ ಅವರ ಪಕ್ಷಕ್ಕಿರಲಿಲ್ಲ. ಅವರ ಓಟುಗಳ ಪಟ್ಟಿ ಕೊಟ್ರೆ ಬಹುಪಾಲು ಸೋತದ್ದೇ ಇರ್ತದೆ. ಆದ್ರೂ ಊರು ಮರೀಲಿಲ್ಲ.

ನಮ್ಮ ತಾಲ್ಲೂಕಿನದ್ದೂ ಒಂದು ಪ್ರಶ್ನೆ ಇದೆ. ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಕಂಡದ್ದು. ಹಳೇ ಲಸಿಕೆ ಪರಿಣಾಮ ಸಾಲದು ಅಂತ 2022ರಲ್ಲಿ ನಿಲ್ಲಿಸಿದ್ರು. ಹೊಸದು ಯಾವಾಗ? ಲಸಿಕೆ ನೋಡ್ಕೊಳ್ಳೋ ಐಸಿಎಂಆರ್ (ವೈದ್ಯಕೀಯ ಸಂಶೋಧನಾ ಮಂಡಳಿ) ಕೇಂದ್ರದ್ದು, ಹಾಗಾಗಿ ಎಂಪಿಯೇ ಕೇಳ್ಬೇಕಾದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರ್ ಇಲ್ಲ ಅಂತ ಎಂಪಿಯನ್ನು ಹಿಡ್ಕೊಂಡ್ರೆ ಅದು ರಾಜ್ಯದ್ದು ಅಂತ ಜಾರಿಕೊಳ್ತಾರೆ. ಇದರಲ್ಲಿ ಜಾರೋಕಾಗೋದಿಲ್ಲ. ಪ್ರತಿ ವರ್ಷ ಡಿಸೆಂಬರ್ ಬಂತು ಅಂದ್ರೆ ದರಗು ಗುಡಿಸೋಕೆ ಹೋಗೋ ಹೆಂಗಸರ ಕೈಗೆ, ಕಾಯಿಲೆ ಹರಡೋ ಉಣುಗು ಕಚ್ಚದಂತೆ ಹಚ್ಚೋ ಎಣ್ಣೆ ಕೊಟ್ಟು ಕಳಿಸ್ತೀವಿ. ಬಾಟ್ಲಿ ತುಂಬಾ ಎಣ್ಣೆ ಇರ್ತದೆ, ಲಸಿಕೆ ಇಲ್ಲ.

ತಾಳಗುಪ್ಪ ಪ್ಯಾಸೆಂಜರ್:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಹಿಂದಿನ ಎರಡು ಲೋಕಸಭೆಯ ಪ್ರಶ್ನೆಗಳಲ್ಲಿ ನಮ್ಮ ಕಡೆಯ ಹೆಸರುಗಳನ್ನು ಹಾಕಿ ಓದ್ತಾ ಹೋದೆ. ಟೈಪಿಸ್ಟರು ಹೇಳಿದ ಹಾಗೆ ಹೆದ್ದಾರಿ, ರೈಲ್ವೆ ಉತ್ತರಗಳು ಓದೋಕೆ ಮಜಾ ಇದೆ. ಶಿವಮೊಗ್ಗ-ಶಿಕಾರಿಪುರ-ರಾಣೆಬೆನ್ನೂರು ರೈಲಿನ ಉತ್ತರದಲ್ಲಿ ಭೂಮಿ ಕೊಡೋದು ರಾಜ್ಯ, ಕಟ್ಟೋದು ನಾವು ಅಂತ ಚೆಂಡನ್ನು ಬೆಂಗಳೂರಿಗೆ ಒದ್ದಿದ್ದಾರೆ. ಆ ಒಂದು ಸಾಲಿನಿಂದ ಯಾರ ಹತ್ತಿರ ಜಗಳ ಮಾಡ್ಬೇಕು ಅಂತಾದ್ರೂ ಗೊತ್ತಾಗ್ತದೆ.

ನನ್ನ ಅಜ್ಜನ ಜಾಗದ ಬಗ್ಗೆ ಎಂತ ಮಾಡಲಿ? ಎಂಪಿ ಆಫೀಸಿಗೆ ಹೋದ್ರೆ "ಅರ್ಜಿ ಕೊಟ್ಟು ಹೋಗಿ" ಅಂತಾರೆ. ನಮ್ಮೂರಿನವರ ಮನೆಯಲ್ಲಿ ಅರ್ಜಿಯ ಪ್ರತಿಗಳೇ ಒಂದು ಟ್ರಂಕಿದೆ.

ಹಳೇ ಟೈಪಿಸ್ಟ್:

ಅರ್ಜಿ ಕೊಡಬೇಡಿ, ಪ್ರಶ್ನೆ ಕೊಡಿ. ಟೈಪ್ ಆದ, ನಾಳೆಯೇ ನೋಟೀಸಿಗೆ ಹಾಕುವಂಥ ಪ್ರಶ್ನೆ. ಅರ್ಜಿ ಬಂದ್ರೆ ಆಫೀಸಿನವನು ಕಡತಕ್ಕೆ ಸೇರಿಸ್ತಾನೆ. ಸಿದ್ಧ ಪ್ರಶ್ನೆ ಬಂದ್ರೆ ಅವನಿಗೆ ಒಂದು ಕೆಲಸ ಕಮ್ಮಿ. ನಾನು ಆ ಕುರ್ಚಿಯಲ್ಲಿ ಕೂತವನು, ನನಗೆ ಗೊತ್ತು. ನಮ್ಮ ಸಾಹೇಬರ ಒಳ್ಳೇ ಪ್ರಶ್ನೆಗಳಲ್ಲಿ ಅರ್ಧದಷ್ಟು ಊರಿನ ಯಾರೋ ಬರೆದುಕೊಟ್ಟಿದ್ದೇ ಆಗಿದ್ವು.

1980ರ ಅರಣ್ಯ ಕಾಯ್ದೆ ಬಂದ ಮೇಲೆ ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಿಡೋಕೆ ಕೇಂದ್ರದ ಒಪ್ಪಿಗೆ ಬೇಕು. ಹಾಗಾಗಿ ಇದು ರಾಜ್ಯದ ವಿಷಯ ಅಂತ ಸೆಕ್ರೆಟರಿಯೇಟಿನವರು ತಳ್ಳಿ ಹಾಕೋಕಾಗೋದಿಲ್ಲ. ಆದರೆ ಕೋರ್ಟಿನಲ್ಲಿರೋ ವಿಷಯ ಕೇಳಿದ್ರೆ ತಿರಸ್ಕಾರ ಆಗ್ತದೆ. ಅದಕ್ಕೇ ಕೆಳಗಿನದ್ರಲ್ಲಿ ಕೋರ್ಟಿನ ಸುದ್ದಿಯೇ ಎತ್ತಿಲ್ಲ, ಬರೀ ಕಡತ ಎಲ್ಲಿದೆ ಅಂತ ಕೇಳಿದ್ದೀನಿ.

"ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವರು ದಯವಿಟ್ಟು ತಿಳಿಸುವರೇ:

(ಅ) ಕರ್ನಾಟಕದ ಶರಾವತಿ ಜಲವಿದ್ಯುತ್ ಯೋಜನೆಯಲ್ಲಿ ಜಮೀನು ಕಳೆದುಕೊಂಡ ಕುಟುಂಬಗಳು ನೆಲೆಸಿರುವ ಅರಣ್ಯ ಭೂಮಿಯ ಬಗ್ಗೆ ರಾಜ್ಯ ಸರ್ಕಾರದಿಂದ ಪ್ರಸ್ತಾವನೆ ಬಂದಿದೆಯೇ;

(ಆ) ಬಂದಿದ್ದಲ್ಲಿ, ಪ್ರತಿ ಪ್ರಸ್ತಾವನೆಯ ದಿನಾಂಕ, ತಾಲ್ಲೂಕುವಾರು ವಿಸ್ತೀರ್ಣ ಮತ್ತು ಈಗಿನ ಹಂತ;

(ಇ) ರಾಜ್ಯದಿಂದ ಹೆಚ್ಚಿನ ಮಾಹಿತಿ ಕೇಳಿದ್ದಲ್ಲಿ, ಅದರ ವಿವರ ಮತ್ತು ಕೇಳಿದ ದಿನಾಂಕ;

(ಈ) ಇತ್ಯರ್ಥಕ್ಕೆ ಕಾಲಮಿತಿ ನಿಗದಿಯಾಗಿದೆಯೇ, ಇಲ್ಲದಿದ್ದಲ್ಲಿ ಕಾರಣಗಳೇನು?"

ದಿನಾಂಕ ಕೇಳೋದು ಮರೀಬೇಡಿ. ವಿವರ ಕೇಳಿದ್ರೆ ಪ್ಯಾರಾ ಬರೀತಾರೆ, ದಿನಾಂಕ ಕೇಳಿದ್ರೆ ಕಡತ ತೆಗೀಲೇಬೇಕು. ಮೂರೂ ಕ್ಷೇತ್ರದ ಆಫೀಸಿಗೆ ಇದೇ ಹಾಳೆ ಕೊಡಿ. ಒಬ್ಬರಾದ್ರೂ ಹಾಕ್ತಾರೆ, ಹಾಕದವರು ಯಾರು ಅಂತಲೂ ಗೊತ್ತಾಗ್ತದೆ. ಉತ್ತರ ಬಂದ ಮೇಲೆ ಅದರ ಪ್ರತಿ ತಗೊಂಡು ಜಿಲ್ಲೆಯ ದಿಶಾ ಸಭೆಗೆ (ಕೇಂದ್ರದ ಯೋಜನೆಗಳ ಪರಿಶೀಲನೆ ನಡೆಯೋ ಸಭೆ) ಮುಂಚೆ ಹೋಗಿ. ಆ ಸಭೆಗೆ ಎಂಪಿಯೇ ಅಧ್ಯಕ್ಷರು, ಡಿಸಿ ಸದಸ್ಯ ಕಾರ್ಯದರ್ಶಿ. ರಾಜ್ಯದಿಂದ ಮಾಹಿತಿ ಬಂದಿಲ್ಲ ಅಂತ ದೆಹಲಿ ಬರೆದಿದ್ರೆ, ಕಳಿಸಬೇಕಾದವರು ಅದೇ ಮೇಜಿನ ಸುತ್ತ ಕೂತಿರ್ತಾರೆ.

ಮಂಡಿ ಗುಮಾಸ್ತ:

ಸೈ. ಹಾಗಾದ್ರೆ ಎಲೆಚುಕ್ಕಿ ರೋಗದ್ದೂ ಒಂದು ಹೀಗೇ ಮಾಡಿಕೊಡಿ ಮಾರಾಯ್ರೆ.

ಸೊರಬದ ಮೇಷ್ಟ್ರು:

ಮಂಗನ ಕಾಯಿಲೆ ಮೊದಲು. ಚಳಿಗಾಲದ ಅಧಿವೇಶನಕ್ಕೇ ಹೋಗ್ಬೇಕು, ಆಮೇಲೆ ಕೇಳಿ ಪ್ರಯೋಜನ ಇಲ್ಲ.

ಹಳೇ ಟೈಪಿಸ್ಟ್:

ಒಬ್ಬ ಸದಸ್ಯರಿಗೆ ದಿನಕ್ಕೆ ಐದೇ ನೋಟೀಸು. ಇಲ್ಲಿಗೆ ಮೂರಾಯ್ತು. ಮೇಷ್ಟ್ರೇ, ನಿಮ್ಮದು ನೀವೇ ಬರೆದು ಹಾಕಿ, ತಿದ್ದಿ ಕೊಡ್ತೀನಿ. ವ್ಯಂಗ್ಯ ಮಾತ್ರ ಬೇಡ.